ನ್ಯೂಯಾರ್ಕಿನ ಸರಕಾರಿ ಶಾಲೆಯನ್ನು ತೂಗುವ ಬಗೆ



ಮಗನೋ ಮಗಳೋ ಉದ್ಯೋಗನಿಮಿತ್ತ ನ್ಯೂಯಾರ್ಕಿಗೆ ಹೊರಟರೆ, ಮೊಮ್ಮಕ್ಕಳ ಶಾಲೆಯ ಚಿಂತೆ ಇಲ್ಲಿಯ ಹಿರಿಯರನ್ನೂ ಕಾಡುತ್ತದೆ. ಸರಕಾರಿ ಶಾಲೆಯೆಂದೊಡನೆ ನಮ್ಮವರು ಮುಖ ಸಿಂಡರಿಸುವುದುಂಟು. ಆ ಅಳತೆಗೋಲು ಅಲ್ಲಿ ಸಲ್ಲದು. ಅಮೆರಿಕೆಯಲ್ಲೇ ಅತಿ ದೊಡ್ಡದಾದ ಆ ಶಾಲಾವ್ಯವಸ್ಥೆಯಲ್ಲಿ 32 ಸಮುದಾಯ ವಲಯಗಳಿವೆ. ಹೀಗಿರುವಾಗ ‘ನ್ಯೂಯಾರ್ಕಿನ ಶಾಲೆ ಹೇಗೆ?’ ಎಂದು ಕೇಳಿ ಫಲವಿಲ್ಲ, ಈ ಬೀದಿಯ ಶಾಲೆ ಹೇಗೆಂದು ಕೇಳಬೇಕು. ಪ್ರಾಥಮಿಕ ಪ್ರವೇಶದಲ್ಲಿ ಮನೆಯ ವಿಳಾಸಕ್ಕೆ ಪ್ರಾಶಸ್ತ್ಯವಿರುವುದರಿಂದ, ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನವೇ ಈ ವಿಚಾರಣೆ ನಡೆಯತಕ್ಕದ್ದು.

ಪರೀಕ್ಷೆಯ ಅಂಕಗಳು ಬಹುಮಟ್ಟಿಗೆ ಮನೆಗಳ ಸಿರಿತನವನ್ನೇ ಹೇಳುತ್ತವೆ. ಮಕ್ಕಳು ವರುಷದಿಂದ ವರುಷಕ್ಕೆ ಎಷ್ಟು ಮುಂದುವರಿದರು, ತರಗತಿಯಲ್ಲಿ ಎಷ್ಟು ಮಂದಿ ಎಂಬುದನ್ನು ವಿಚಾರಿಸಿರಿ. 2022ರ ರಾಜ್ಯ ಕಾನೂನು ಮೂರನೆಯ ತರಗತಿಯವರೆಗೆ 20 ಮಕ್ಕಳ ಮಿತಿಯನ್ನು ಹಂತಹಂತವಾಗಿ ತರಲು ವಿಧಿಸಿದೆ. ಎಂಟು ಪ್ರೌಢಶಾಲೆಗಳಿಗೆ ಪ್ರವೇಶ ಪರೀಕ್ಷೆಯೊಂದೇ ಆಧಾರ. ಅವುಗಳಲ್ಲೊಂದಾದ ಸ್ಟೈವೆಸೆಂಟಿನ ಹೆಸರು ಕೇಳಿ ಒಂದನೆಯ ತರಗತಿಯ ಕೂಸಿಗೆ ಟ್ಯೂಷನ್ ಹಚ್ಚುವ ಆತುರ ನನಗಂತೂ ಹಿಡಿಸದು.

ಊಟದ ವಿಷಯವೇ ನಮ್ಮ ತಾಯಂದಿರ ಮುಖ್ಯ ಕಳವಳ. 2017ರಿಂದ ಅಲ್ಲಿ ಎಲ್ಲ ಮಕ್ಕಳಿಗೂ ಮಧ್ಯಾಹ್ನದ ಊಟ ಉಚಿತ. 2019ರಲ್ಲಿ ಸೋಮವಾರಗಳಂದು ಮಾಂಸವಿಲ್ಲದ ಊಟ ನೀಡುವ ಪದ್ಧತಿ ಎಲ್ಲ ಶಾಲೆಗಳಿಗೂ ಬಂದಿತು. (ಸೋಮವಾರವೇ ಆದದ್ದು ನಮಗೊಂದು ಸಂತೋಷ!) ಮಿಕ್ಕ ದಿನಗಳ ಅಡುಗೆಯನ್ನು ಕೇಳಿ ತಿಳಿಯಿರಿ, ಸಂದೇಹವಿದ್ದಲ್ಲಿ ಬುತ್ತಿ ಕಟ್ಟಿರಿ.

ಆಟದ ವೇಳೆ ಮಗುವಿನ ಕೊರಳ ಇಷ್ಟಲಿಂಗವನ್ನು ತೆಗೆಯೆಂದಾರೋ ಎಂಬ ಅಂಜಿಕೆಯೂ ಸಹಜವೇ. ಧರ್ಮಾಚರಣೆಯ ಸ್ವಾತಂತ್ರ್ಯವನ್ನು ಆ ದೇಶದ ಸಂವಿಧಾನ ಕಾಪಾಡಿದೆ. ಆದರೂ ಮೊದಲ ದಿನವೇ ಶಿಕ್ಷಕಿಯನ್ನು ಕಂಡು, ಅದು ಒಡವೆಯಲ್ಲವೆಂದು ತಿಳಿಸಿರಿ. ಆಕೆ ಹೇಗೆ ಆಲಿಸುವರೆಂಬುದನ್ನೂ ಗಮನಿಸಿರಿ.