ಉಂಡು ಮಲಗಿದರೂ ತೀರದ ಜಗಳ

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಉಂಡು ಮಲಗಿದರೂ ತೀರದ ಜಗಳಕ್ಕೆ ಏನು ಮಾಡಬೇಕೆಂಬುದನ್ನು ಆ ಗಾದೆ ಹೇಳುವುದಿಲ್ಲ. ಈ ಸಲ ಅದನ್ನೇ ವಿಚಾರಿಸೋಣ.

ಕೆ.ಟಿ. ದೊಡ್ಡಿ ಇಂದು ತೆಲಂಗಾಣದ ಗದ್ವಾಲ ಜಿಲ್ಲೆಯ ಒಂದು ಮಂಡಲ. ಆದರೆ 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾಗುವವರೆಗೆ ಗದ್ವಾಲ ತಾಲ್ಲೂಕು ರಾಯಚೂರು ಜಿಲ್ಲೆಗೆ ಸೇರಿತ್ತು. ಜಿಲ್ಲೆ ಬೇರೆಯಾಯಿತು, ಹೆಣ್ಣು ಕೊಟ್ಟು ತರುವುದು ನಿಲ್ಲಲಿಲ್ಲ. ಸಂಬಂಧ ಚೆನ್ನಾಗಿರುವಾಗ ಈ ಗಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಟ್ಟ ದಿನ ಅದು ಗೋಡೆಯಾಗಿ ನಿಲ್ಲುತ್ತದೆ.

ದೊಡ್ಡಿಯ ಮಗಳೊಬ್ಬಳು ರಾಯಚೂರಿನ ಸೊಸೆಯಾಗಿ, ಮನಸ್ತಾಪದಿಂದ ತವರಿಗೆ ಮರಳಿದಳೆಂದು ಭಾವಿಸಿರಿ. ಗಂಡ ರಾಯಚೂರಿನಲ್ಲಿ ದಾವೆ ಹೂಡುತ್ತಾನೆ. ಹಿಂದೂ ವಿವಾಹ ಕಾಯಿದೆಗೆ 2003ರಲ್ಲಿ ಆದ ತಿದ್ದುಪಡಿಯಂತೆ ಹೆಂಡತಿ ತಾನು ವಾಸಿಸುವ ಕಡೆಯ ನ್ಯಾಯಾಲಯದಲ್ಲೇ ದಾವೆ ಹೂಡಬಹುದು. ಆಕೆ ಗದ್ವಾಲಕ್ಕೆ ಹೋಗುತ್ತಾಳೆ. ಒಂದು ರಾಜ್ಯದ ದಾವೆಯನ್ನು ಇನ್ನೊಂದು ರಾಜ್ಯಕ್ಕೆ ವರ್ಗಾಯಿಸುವ ಅಧಿಕಾರವಿರುವುದು ಸರ್ವೋಚ್ಚ ನ್ಯಾಯಾಲಯಕ್ಕೆ. ಹೀಗೆ ನೆರೆಯೂರಿನ ಜಗಳ ದೆಹಲಿಯ ಮೆಟ್ಟಿಲೇರುತ್ತದೆ.

ಇದನ್ನು ತಪ್ಪಿಸುವ ದಾರಿಯೂ ಕಾನೂನಿನಲ್ಲೇ ಇದೆ. ವಿವಾಹದ ವ್ಯಾಜ್ಯ ಬಂದಾಗ ಮೊದಲು ರಾಜಿಗೆ ಯತ್ನಿಸುವುದು ಬಹುಪಾಲು ಪ್ರಕರಣಗಳಲ್ಲಿ ನ್ಯಾಯಾಧೀಶರ ಕರ್ತವ್ಯವೇ ಆಗಿದೆ. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯೂ ಇದನ್ನೇ ವಿಧಿಸುತ್ತದೆ. ಅಲ್ಲಿ ಒಂದು ಪಕ್ಷ ಬಯಸಿದರೂ ಸಾಕು, ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಬೇಕು. ಮಧ್ಯಸ್ಥಿಕೆಗೆ ಒಪ್ಪಿಸಿದರೆ ಕಟಕಟೆಯಿಲ್ಲ, ಪಾಟೀಸವಾಲಿಲ್ಲ. ತರಬೇತಿ ಪಡೆದ ಮಧ್ಯಸ್ಥರು ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿ, ಬಳಿಕ ಎದುರುಬದುರು ಕೂರಿಸುತ್ತಾರೆ. ಅಲ್ಲಿ ಆಡಿದ ಮಾತನ್ನು ಮುಂದೆ ಸಾಕ್ಷ್ಯವಾಗಿ ಬಳಸುವಂತಿಲ್ಲ. ಒಪ್ಪಂದವಾಗದಿದ್ದರೆ ದಾವೆ ಇದ್ದಲ್ಲಿಂದ ಮುಂದುವರಿಯುತ್ತದೆ.

ಹಾಗಾದರೆ ನಮ್ಮ ಊರ ಕಟ್ಟೆಯ ಪಂಚಾಯಿತಿಗೂ ಇದಕ್ಕೂ ಏನು ಭೇದ ಎಂದು ಕೇಳಬಹುದು. ಕಟ್ಟೆಯ ಮೇಲೆ ಮಾತನಾಡುವವರು ಮಾವಂದಿರು, ದೊಡ್ಡಪ್ಪಂದಿರು. ಯಾರ ಬದುಕಿನ ಮಾತೋ ಆಕೆ ಬಾಗಿಲ ಹಿಂದೆ ನಿಂತಿರುತ್ತಾಳೆ. ಇಲ್ಲಿ ಆಕೆಗೂ ಒಂದು ಕುರ್ಚಿ. ಕಟ್ಟೆಯಲ್ಲಿ ಕೊಟ್ಟ ಮಾತು ಮುರಿದರೆ ಕೇಳುವವರಿಲ್ಲ. ಇಲ್ಲಿಯ ಒಪ್ಪಂದಕ್ಕೆ ನ್ಯಾಯಾಲಯದ ಮುದ್ರೆ ಬೀಳುತ್ತದೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರಂತೂ ಅದು ಡಿಕ್ರಿಗೆ ಸಮ. ಮೇಲ್ಮನವಿಯಿಲ್ಲ, ಕಟ್ಟಿದ ನ್ಯಾಯಾಲಯ ಶುಲ್ಕವೂ ಮರಳುತ್ತದೆ.

ಮೇಲ್ಮನವಿಯಿಲ್ಲವೆಂಬ ಕಾರಣಕ್ಕೇ ಎಚ್ಚರವೂ ಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಕನ್ನಡ ಬಲ್ಲರು. ಕಚೇರಿಯ ತೆಲುಗನ್ನಾಗಲಿ ಇಂಗ್ಲಿಷನ್ನಾಗಲಿ ಓದಲಾರರು. ಜೀವನಾಂಶವೆಷ್ಟು, ಮಗು ಯಾರ ಬಳಿ, ಒಡವೆ ಎಂದು ಮರಳಬೇಕು ಎಂಬುದೆಲ್ಲವನ್ನೂ ತಿಳಿಯುವ ಭಾಷೆಯಲ್ಲಿ ಓದಿಸಿ ಕೇಳಿದ ಹೊರತು ಸಹಿ ಹಾಕಬಾರದು. ಹಾಗೆ ಕೇಳುವುದು ಸಂಕೋಚಪಡುವ ಸಂಗತಿಯಲ್ಲ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ವಕೀಲರ ನೆರವು ಉಚಿತ. ದೂರವಾಣಿ 15100ಕ್ಕೆ ಕರೆಮಾಡಿ ವಿಚಾರಿಸಬಹುದು.

ಇನ್ನೊಂದು ಮಾತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯ, ದಾವೆ ಹೂಡುವುದಕ್ಕೂ ಮೊದಲೇ ಮಾತುಕತೆಗೆ ಅವಕಾಶವಿರಲೆಂದು ಹೇಳಿತು. ಕ್ರೌರ್ಯದ ಅಪರಾಧವನ್ನು ಹಗುರಾಗಿಸುವುದು ಅದರ ಉದ್ದೇಶವಲ್ಲವೆಂದೂ ಸ್ಪಷ್ಟಪಡಿಸಿತು. ಹೊಡೆತ ತಿಂದು ಬಂದ ಮಗಳಿಗೆ ಮೊದಲು ಬೇಕಾದುದು ರಕ್ಷಣೆ. ಅದಕ್ಕಾಗಿ 2005ರ ಕಾಯಿದೆಯೊಂದು ಪ್ರತ್ಯೇಕವಾಗಿಯೇ ಇದೆ. “ಹೊಂದಿಕೊಂಡು ಹೋಗಮ್ಮ” ಎಂಬ ಬುದ್ಧಿವಾದ ರಾಜಿಯಾಗದು. ಕೂಡಿ ಬಾಳುವುದು ರಾಜಿಯಾದಂತೆ, ಮಕ್ಕಳ ಅನ್ನಕ್ಕೆ ಕಲ್ಲು ಬೀಳದ ಹಾಗೆ ಮರ್ಯಾದೆಯಿಂದ ಬೇರೆಯಾಗುವುದೂ ರಾಜಿಯೇ.

ಆದ್ದರಿಂದ ತವರಿಗೆ ಮಗಳು ಕಣ್ಣೀರಿಟ್ಟು ಬಂದಾಗ, ಬೀಗರ ಮನೆಗೆ ಹತ್ತು ಜನರನ್ನು ಕಟ್ಟಿಕೊಂಡು ಹೊರಡುವ ಮುನ್ನ, ಆಕೆಯನ್ನು ಹತ್ತಿರ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿರಿ: “ನಿನಗೆ ಏನು ಬೇಕವ್ವಾ?” ಮಾತುಕತೆ ಮೊದಲಾಗಬೇಕಾದುದು ಅಲ್ಲಿಂದ.