ಲಡಾಖಿನ ಕನಸು, ಗೋಣಿಕೊಪ್ಪದ ದಾರಿ

ಲಡಾಖಿಗೆಂದು ಕೊಂಡ ಮೋಟಾರ್ ಸೈಕಲ್ಲು ವರ್ಷದ ಮುನ್ನೂರು ದಿನ ಪೊನ್ನಂಪೇಟೆಯಿಂದ ಗೋಣಿಕೊಪ್ಪಕ್ಕೇ ಓಡುತ್ತದೆಂಬುದನ್ನು ನಮ್ಮ ತರುಣರು ಏಕೆ ಮರೆಯುತ್ತಾರೋ! ಸುಮಾರು 200 ಕಿಲೋ ತೂಗುವ ಹಿಮಾಲಯನ್ನಿಗೆ ಮೂರು ಅಲ್ಯೂಮಿನಿಯಂ ಪೆಟ್ಟಿಗೆ ಬಿಗಿದು, ಕಕ್ಕಡದ ಮಳೆಯಲ್ಲಿ ಮಾಕುಟ್ಟದ ಘಾಟಿ ಇಳಿಯುವುದನ್ನು ಪ್ರವಾಸವೆನ್ನಬೇಕೆ, ಮೂಟೆ ಹೊರುವುದೆನ್ನಬೇಕೆ? ದೊಡ್ಡ ಯಂತ್ರವಿಲ್ಲದೆ ದೂರ ಹೋಗಲಾಗದೆಂಬುದು ಶುದ್ಧ ಸುಳ್ಳು. ನಮ್ಮ ಹಿರಿಯರು ಊರೂರು ಸುತ್ತಿದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ತಯಾರಿಸಿದ 250 ಸಿ.ಸಿ. ಗಾಡಿಗಳಲ್ಲಿ. (ಕಿಕ್ ಹೊಡೆಯುವ ಕಡ್ಡಿಯೇ ಗೇರಿನದೂ ಆಗಿತ್ತು, ಎಂಥ ಮಿತವ್ಯಯ!) 1996ರಲ್ಲಿ ಕಾರ್ಖಾನೆ ಮುಚ್ಚಿದರೂ ಅವು ಇಂದೂ ಅಲ್ಲಲ್ಲಿ ಓಡುತ್ತಿವೆ.

ಎರಡು ಕಾಲೂ ನೆಲ ಮುಟ್ಟಬೇಕು. ಬಿದ್ದ ಗಾಡಿಯನ್ನು ಒಬ್ಬನೇ ಎತ್ತುವಂತಿರಬೇಕು. ಹೊರೆ ಬೆನ್ನಹಿಂದೆ ಗೋಪುರವಾಗದೆ, ಚಕ್ರದ ಇಬ್ಬದಿಗೆ ತಗ್ಗಿನಲ್ಲಿ, ಸಮತೂಕವಾಗಿ ಕೂರಲಿ. ನೀರು ಹೊಗದ ಎರಡು ಮೆತ್ತನೆಯ ಚೀಲ ಸಾಕು. ಮನೆ ಸೇರಿದೊಡನೆ ಅವನ್ನು ಬಿಚ್ಚಿಡಬಹುದು. ಪೆಟ್ಟಿಗೆಯನ್ನು ಕಳಚಿದರೂ ಅದರ ಕಬ್ಬಿಣದ ಚೌಕಟ್ಟು ಮಾತ್ರ ವರ್ಷವಿಡೀ ಸಂತೆಗೂ ಜೊತೆಗೆ ಬರುತ್ತದೆ.