ಕೋವಿಯ ಮೇಲಿನ ಅಗ್ಗದ ದುರ್ಬೀನು ನಮ್ಮ ಮಳೆಗೆ ಬಾಳೀತೇ?



ಕಳೆದ ಮಾಘದಲ್ಲಿ ನಮ್ಮ ಸಂಘದ ಕೆಲವು ಸದಸ್ಯರು ದ್ರಾಕ್ಷಿ ತೋಟಗಳನ್ನು ನೋಡಿಬರಲೆಂದು ವಿಜಯಪುರದ ಕಡೆಗೆ ಹೋಗಿದ್ದೆವು. ಬಬಲೇಶ್ವರದ ತೋಟಗಳನ್ನೂ ತಿಕೋಟಾದ ಒಣದ್ರಾಕ್ಷಿ ಶೆಡ್ಡುಗಳನ್ನೂ ಕಂಡೆವು. ಆ ವಿಚಾರ ಬೇರೊಂದು ಸಂಚಿಕೆಗಿರಲಿ. ಇಲ್ಲಿ ಪ್ರಸ್ತಾಪಿಸಬೇಕಾದುದು ತಿಕೋಟಾದ ನಮ್ಮ ಆತಿಥೇಯರೊಬ್ಬರ ಮನೆಯ ಗೋಡೆಗೆ ಒರಗಿಸಿಟ್ಟಿದ್ದ ಒಂದು ಏರ್‌ಗನ್ನಿನ ವಿಷಯ. ಅದರ ಮೇಲೊಂದು ದುರ್ಬೀನು, ಅಂದರೆ ಪೇಟೆಯವರು ಸ್ಕೋಪ್ ಎನ್ನುವುದು, ಕೂತಿತ್ತು. ಮೂರು ಸಾವಿರ ರೂಪಾಯಿಯ ಒಳಗಿನದು, ಕೊಂಡು ನಾಲ್ಕು ವರ್ಷವಾಯಿತು, ಗಾಜು ಇನ್ನೂ ಸ್ವಚ್ಛವಾಗಿದೆ ಎಂದು ಅವರು ಹೆಮ್ಮೆಯಿಂದ ತೋರಿಸಿದರು. ಗಿಳಿಗಳಿಗೆ ಗುಂಡು ಹಾರಿಸುವಂತಿಲ್ಲವಾದ್ದರಿಂದ ಬಳ್ಳಿಗಳಿಗೆ ಬಲೆ ಹೊದಿಸಿದ್ದಾರೆ. ದುರ್ಬೀನು ಜೋಳದ ಹೊಲದಲ್ಲಿ ಯಾರಿದ್ದಾರೆ, ಏನಿದೆ ಎಂದು ನೋಡಲಿಕ್ಕಷ್ಟೆ.

ಹಿಂತಿರುಗುವ ಬಸ್ಸಿನಲ್ಲಿಯೇ ನಮ್ಮವರಲ್ಲಿ ಕೆಲವರು ತಮ್ಮ ಬೆಳೆರಕ್ಷಣೆಯ ಕೋವಿಗೂ ಅಂಥದ್ದೊಂದನ್ನು ಕೂರಿಸಿಕೊಳ್ಳುವ ನಿರ್ಧಾರ ಮಾಡಿಬಿಟ್ಟಿದ್ದರು. ಆಮೇಲೆ ಕಚೇರಿಗೆ ಬಂದು ವಿಚಾರಿಸಿದವರೂ ಉಂಟು. ಆದ್ದರಿಂದ ನಮ್ಮ ಅಭಿಪ್ರಾಯವನ್ನು ಬರೆದುಬಿಡುವುದೇ ಒಳ್ಳೆಯದೆಂದು ತೋರಿತು.

ವಿಜಯಪುರ ನಗರದಲ್ಲಿ ನಾವು ಮಲಿಕ್-ಇ-ಮೈದಾನ್ ತೋಪನ್ನೂ ನೋಡಿದೆವು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ತೋಪು ಅದು. ಶತಮಾನಗಳ ಕಾಲ ಬುರುಜಿನ ಮೇಲೆ ಬಿಸಿಲಿಗೂ ಮಳೆಗೂ ಮೈಯೊಡ್ಡಿಯೂ ಅದಕ್ಕೇನೂ ಆಗಿಲ್ಲ. ಅದಕ್ಕೆ ದುರ್ಬೀನು ಇರಲಿಲ್ಲವಲ್ಲ ಎಂದು ನಮ್ಮವರೊಬ್ಬರು ನಗೆಯಾಡಿದರು. ನಗೆಮಾತಾದರೂ ವಿಷಯವಿದೆ. ನಳಿಗೆ ಕೆಡುವುದು ನಿಧಾನ, ಗಾಜು ಕೆಡುವುದು ಬೇಗ.

ತಿಕೋಟಾದಲ್ಲಿ ನಾಲ್ಕು ವರ್ಷ ಬಾಳಿದ್ದು ನಮ್ಮಲ್ಲಿ ಏಕೆ ಬಾಳದು? ಆ ಸೀಮೆಯ ವರ್ಷದ ಮಳೆಯೆಲ್ಲ ಸೇರಿ ಸುಮಾರು 600 ಮಿಲಿಮೀಟರು. ಅಷ್ಟನ್ನು ನಮ್ಮ ಮಲೆನಾಡಿನ ಆಷಾಢ ಕೆಲವೇ ದಿನಗಳಲ್ಲಿ ಸುರಿದುಬಿಡುತ್ತದೆ. ಆಗುಂಬೆಯ ಕಡೆ ವರ್ಷಕ್ಕೆ 7000 ದಾಟುವುದೂ ಉಂಟು. ಅಲ್ಲಿಯ ಹವೆಯೂ ಒರಟೇ, ಬೇಸಿಗೆಯಲ್ಲಿ 40 ಡಿಗ್ರಿ ಮೀರಿದ ಬಿಸಿಲು, ಎರೆಮಣ್ಣಿನ ಧೂಳು. ಆದರೆ ಧೂಳು ಗಾಜಿನ ಹೊರಗೆ ನಿಲ್ಲುತ್ತದೆ, ಒರೆಸಬಹುದು. ತೇವ ಒಳಗೆ ಹೋಗುತ್ತದೆ.

ಒಳ್ಳೆಯ ದುರ್ಬೀನಿನ ಕೊಳವೆಯಿಂದ ಗಾಳಿಯನ್ನು ಹೊರಹಾಕಿ ಒಣ ಸಾರಜನಕವನ್ನೋ ಆರ್ಗಾನನ್ನೋ ತುಂಬಿ, ಸಂದುಗಳಿಗೆ ರಬ್ಬರು ಉಂಗುರ ಬಿಗಿದಿರುತ್ತಾರೆ. ಅಗ್ಗದ ಮಾಲಿನಲ್ಲಿ ಇದು ಹೆಸರಿಗೆ ಮಾತ್ರ. ಗುರಿ ತಿದ್ದುವ ತಿರುಪುಗಳ ಬುಡದಲ್ಲಿ, ಕಣ್ಣಿಡುವ ತುದಿಯಲ್ಲಿ ತೇವದ ಗಾಳಿ ಒಳಸೇರುತ್ತದೆ. ಅಡಿಗೆಮನೆಯ ಬೆಚ್ಚಗಿನಲ್ಲಿಟ್ಟ ಕೋವಿಯನ್ನು ರಾತ್ರಿ ಮಂಜಿಗೆ ತಂದಾಗ ಆ ತೇವ ಗಾಜಿನ ಒಳಮೈಯಲ್ಲಿ ಬೆವರುತ್ತದೆ. ಒಳಗಿನ ಮಂಜನ್ನು ಯಾವ ಬಟ್ಟೆಯಿಂದಲೂ ಒರೆಸುವಂತಿಲ್ಲ. ಎರಡು ಮಳೆಗಾಲ ಹೀಗೆ ಕಳೆದರೆ ಗಾಜಿನ ಮೇಲೆ ಬೂಷ್ಟು ಹಿಡಿಯುತ್ತದೆ. ಅದು ಲೇಪವನ್ನೇ ತಿನ್ನುವುದರಿಂದ ಗಾಜು ಮತ್ತೆ ಮೊದಲಿನಂತಾಗುವುದಿಲ್ಲ.

ಏಟಿನ ಪ್ರಶ್ನೆಯೂ ಇದೆ. ಸ್ಪ್ರಿಂಗಿನ ಏರ್‌ಗನ್ನು ನೋಡಲಿಕ್ಕೆ ಸಾಧುವಾದರೂ ಅದರ ಕುಲುಕು ಹಿಂದಕ್ಕೂ ಮುಂದಕ್ಕೂ ಎರಡು ಸಲ ಬರುವುದರಿಂದ, ಅದಕ್ಕೆಂದೇ ಮಾಡದ ದುರ್ಬೀನಿನ ಒಳಗಿನ ಕೊಳವೆ ಸಡಿಲಗೊಳ್ಳುತ್ತದೆ. ತೋಟಾ ಕೋವಿಯ ಒದೆತವಂತೂ ಹೇಳಬೇಕಿಲ್ಲ. ಇಷ್ಟಕ್ಕೂ ನಮ್ಮಲ್ಲಿ ಹೆಚ್ಚಿನವರದು ಚರೆ ಹಾರಿಸುವ ಒಂಟಿನಳಿಗೆ, ಜೋಡುನಳಿಗೆ. ಅದರ ಏಟು ನಾಟುವುದೇ 35–40 ಮೀಟರಿನೊಳಗೆ. ಅದಕ್ಕೆ ದೂರದ ಗಾಜು ಎತ್ತಿನ ಕೊಂಬಿಗೆ ಕನ್ನಡಕ ಕಟ್ಟಿದಂತೆ.

ಬೇಟೆಯ ಮಾತನ್ನು ನಾವು ಎತ್ತುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದು ಮುಗಿದ ಕತೆ. ಬೆಳೆರಕ್ಷಣೆಯ ಕೋವಿಗೆ ಲೈಸೆನ್ಸ್ ಇದೆಯೆಂದ ಮಾತ್ರಕ್ಕೆ ಹಂದಿ ಹೊಡೆಯುವ ಅನುಮತಿ ಇದ್ದಂತಲ್ಲ. ಅದಕ್ಕೆ ಕಾಯಿದೆಯ 11ನೇ ಕಲಮಿನಂತೆ ಅಧಿಕಾರಿಗಳ ಲಿಖಿತ ಆದೇಶವೇ ಬೇಕು. ಇದು ತಿಳಿಯದೆ ಕೋರ್ಟು ಅಲೆಯುವವರಿದ್ದಾರೆಂಬುದು ವಿಷಾದದ ಸಂಗತಿ.

ಆದರೆ ಸದಸ್ಯರು ಹೇಳುವುದು, ಹೊಡೆಯಲಿಕ್ಕಲ್ಲ, ರಾತ್ರಿ ತೋಟಕ್ಕೆ ಏನು ಬಂದಿದೆಯೆಂದು ನೋಡಲಿಕ್ಕೆ ಎಂದು. ನಮ್ಮ ಮುಖ್ಯ ಆಕ್ಷೇಪ ಇಲ್ಲಿಯೇ ಇದೆ. ಎರಡು ಮಳೆಗಾಲದ ಹಿಂದೆ ನಮ್ಮಲ್ಲೊಬ್ಬರು ಸಂಜೆಗತ್ತಲಿನಲ್ಲಿ, ಸೋನೆ ಮಳೆಯ ನಡುವೆ, ಅಡಿಕೆ ತೋಟದ ಕಪ್ಪಿನ ಬಳಿ ಸದ್ದು ಕೇಳಿ ಕೋವಿ ಎತ್ತಿ ದುರ್ಬೀನಿಗೆ ಕಣ್ಣಿಟ್ಟರು. ಗಾಳಿಗೆ ಗುಂಡು ಹಾರಿಸಿ ಹೆದರಿಸುವುದಷ್ಟೇ ಅವರ ಉದ್ದೇಶ. ಗಾಜಿನಲ್ಲಿ ಕಂಡದ್ದು ನೆಲಕ್ಕೆ ಬಾಗಿ ಕೆದಕುತ್ತಿದ್ದ ಒಂದು ಕಪ್ಪು ಗುಡ್ಡೆ. ಹಂದಿಯೆಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ. ಆ ಗುಡ್ಡೆ ಎದ್ದು ನಿಂತು ಬೀಡಿ ಹಚ್ಚಿತು. ಕಂಬಳಿಕೊಪ್ಪೆ ಹಾಕಿಕೊಂಡು ಕಪ್ಪಿನ ಕಸ ಬಿಡಿಸುತ್ತಿದ್ದ ಅವರದೇ ಆಳು, ಇಪ್ಪತ್ತು ವರ್ಷದಿಂದ ಆ ಮನೆಯ ತೋಟದಲ್ಲೇ ದುಡಿದವನು. ಆ ರಾತ್ರಿ ನಮ್ಮ ಆ ಸದಸ್ಯರು ಊಟ ಮಾಡಲಿಲ್ಲ.

ಬರಿಗಣ್ಣಿನಲ್ಲಿ ನೋಡಿದ್ದರೆ ಅವರು ಒಂದು ಕ್ಷಣ ಅನುಮಾನಿಸುತ್ತಿದ್ದರು, ಕೂಗಿ ಕೇಳುತ್ತಿದ್ದರು. ಮಂಜು ಹಿಡಿದ ಗಾಜು ಆ ಅನುಮಾನವನ್ನೇ ತೆಗೆದುಹಾಕಿತು. ಗಾಜು ಎಷ್ಟೇ ಸ್ವಚ್ಛವಾಗಿರಲಿ, ಕೋವಿಯ ಮೇಲಿನ ದುರ್ಬೀನಿನಿಂದ ಏನನ್ನು ನೋಡಬೇಕಾದರೂ ಅದರ ಕಡೆಗೆ ನಳಿಗೆ ತಿರುಗಿಸಲೇಬೇಕು. ನೋಡುವ ಸಾಧನಕ್ಕೂ ಕೊಲ್ಲುವ ಸಾಧನಕ್ಕೂ ಒಂದೇ ಬಾಯಿ ಇರಬಾರದು. ಹಂದಿಯೆಂದು ತಿಳಿದು ಮನುಷ್ಯನಿಗೆ ಗುಂಡು ಹೊಡೆದ ಸುದ್ದಿಗಳನ್ನು ಮಲೆನಾಡಿನವರು, ಕೊಡಗಿನವರು ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವೆ.

ಆದ್ದರಿಂದ ಆ ಮೂರು ಸಾವಿರಕ್ಕೆ ಒಂದು ಬಲವಾದ ಟಾರ್ಚನ್ನೂ, ಹಣ ಉಳಿದರೆ ಕೊರಳಿಗೆ ಹಾಕಿಕೊಳ್ಳುವ ಸಾಧಾರಣ ಬೈನಾಕ್ಯುಲರನ್ನೂ ಕೊಳ್ಳಿರೆಂದೇ ನಮ್ಮ ಸಲಹೆ. ಅದಕ್ಕೂ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಈಗಾಗಲೇ ದುರ್ಬೀನು ಕೊಂಡಿರುವವರು ಕೋವಿಯಿಂದ ಬಿಚ್ಚಿ, ಕೈ ಸುಡದಷ್ಟು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಮುಳುಗಿಸಿ ನೋಡಲಿ. ಸಂದಿನಿಂದ ಒಂದೇ ಸಮನೆ ಗುಳ್ಳೆ ಎದ್ದರೆ ಅದರ ಆಯುಷ್ಯ ತಿಳಿದಂತೆಯೇ. ಅಂಗಡಿಯವರು ಈ ಪರೀಕ್ಷೆಗೆ ಒಪ್ಪುವುದಿಲ್ಲ, ಅದನ್ನೂ ಬಲ್ಲೆವು.

ಮೇಲೆ ಹೇಳಿದ ಸದಸ್ಯರು ತಮ್ಮ ದುರ್ಬೀನನ್ನು ಸಂಘದ ಕಚೇರಿಗೆ ತಂದು ಬಿಟ್ಟುಹೋಗಿದ್ದಾರೆ. ಗೊಬ್ಬರದ ರಸೀತಿ ಪುಸ್ತಕಗಳ ಪಕ್ಕದ ಕಪಾಟಿನಲ್ಲಿದೆ. ಬೇಕಾದವರು ಬಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಬಹುದು. ಒಳಗಾಜಿನ ಅಂಚಿನಿಂದ ನಡುವಿನವರೆಗೆ ಜೇಡನ ಬಲೆಯಂತೆ ಬೂಷ್ಟು ಹಬ್ಬಿದೆ.